ಮಗ್ಗಲ ಮನೆಯವರ ಪಂಚಾಂಗ

ಹುನಗುಂದದ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಪುಸ್ತಕದಂಗಡಿ. ಯಾವ ಪುಸ್ತಕ ಹೆಚ್ಚು ಹೋಗುತ್ತದೆ ಎಂದು ಯಾರಾದರೂ ಕೇಳಿದರೆ ಈಗೀಗ ಉತ್ತರ ಹೇಳಲೂ ಬೇಸರ. ಕತೆ ಕಾದಂಬರಿಗಳ ಮೇಲಿನ ಧೂಳು ಒರೆಸಿ ಒರೆಸಿ ಕೈ ಸೋತಿದೆ. ಓಡುವುದು ಪಂಚಾಂಗ, ಅದರ ಹಿಂದೆ ನೌಕರಿ ಪರೀಕ್ಷೆಯ ಗೈಡು, ಸಕ್ಕರೆ ಕಾಯಿಲೆಯ ಮನೆಮದ್ದು. ಜನ ಏನು ಓದುತ್ತಾರೋ ನನಗೆ ಗೊತ್ತಿಲ್ಲ. ಯಾವುದಕ್ಕೆ ಅಂಜುತ್ತಾರೆ ಎಂಬುದು ಮಾತ್ರ ಗಲ್ಲಾದ ಹಿಂದೆ ಕೂತವನಿಗೆ ಚೆನ್ನಾಗಿ ತಿಳಿಯುತ್ತದೆ.

ಕಮತಗಿಯ ಮಾಸ್ತರರೊಬ್ಬರಿದ್ದಾರೆ. ನಿವೃತ್ತರಾದ ಮೇಲೆ ಊರೂರಿಗೆ ಹೋಗಿ ಶರಣರ ಬಗ್ಗೆ ಭಾಷಣ ಮಾಡುತ್ತಾರೆ. ಯಾವ ದಿನವೂ ಕೆಟ್ಟದಲ್ಲ, ಗ್ರಹಗತಿಯೆಲ್ಲ ಬೊಗಳೆ ಎಂದು ಅವರು ಮೈಕಿನಲ್ಲಿ ಗುಡುಗಿದಾಗ ನಾನೇ ಚಪ್ಪಾಳೆ ತಟ್ಟಿದ್ದೇನೆ. ಯುಗಾದಿ ಹತ್ತಿರ ಬಂದರೆ ಅವರೂ ಬರುತ್ತಾರೆ. "ಮಗ್ಗಲ ಮನಿಯವ್ರು ತರಾಕ ಹೇಳ್ಯಾರ್ರಿ, ಒಂದು ಪಂಚಾಂಗ ಕೊಡ್ರಿ," ಎನ್ನುತ್ತಾರೆ. ಹೀಗೆ ಹೇಳುವವರು ಅವರೊಬ್ಬರೇ ಅಲ್ಲ. ಪಾಪ, ಆ ಮಗ್ಗಲ ಮನೆಯವರು ಎಷ್ಟು ಪಂಚಾಂಗ ಇಟ್ಟುಕೊಂಡಿದ್ದಾರೋ!

ಈ ವರ್ಷ ಮಾಸ್ತರರ ಮಗಳು ಒಬ್ಬಳೇ ಬಂದಳು. ಇಳಕಲ್ಲಿನ ದವಾಖಾನೆಯಲ್ಲಿ ನರ್ಸ್. ಅಲ್ಲೇ ಕೆಲಸ ಮಾಡುವ ಹುಡುಗನನ್ನು ಮೆಚ್ಚಿದ್ದಾಳೆ, ಎರಡೂ ಮನೆಯವರಿಗೆ ಒಪ್ಪಿಗೆಯಾಗಿತ್ತು. ಆಮೇಲೆ ಅಪ್ಪ ಪಂಚಾಂಗ ತೆರೆದು ಸಾಲಾವಳಿ ನೋಡಿದ್ದಾರೆ. ಇಬ್ಬರ ನಕ್ಷತ್ರ ಕೂಡಲಿಲ್ಲ.

"ಕಾಕಾ, ನಮ್ಮಿಬ್ಬರದೂ ಕೂಡಿ ಬರೋ ಬ್ಯಾರೆ ಪಂಚಾಂಗ ಐತೇನ್ರಿ?" ಎಂದಳು.

ನನಗೆ ನಗು ಬರಲಿಲ್ಲ. ಇದ್ದಬದ್ದ ಪಂಚಾಂಗಗಳನ್ನೆಲ್ಲ ಹರವಿಕೊಂಡು ಇಬ್ಬರೂ ಹುಡುಕಿದೆವು. ಎಲ್ಲದರಲ್ಲೂ ಅದೇ ಪಟ್ಟಿ. ಅವಳು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದಳು.

ಕೆಲವು ವಾರಗಳ ಮೇಲೆ ಮಾಸ್ತರರು ಮಗಳನ್ನು ಕರೆದುಕೊಂಡು ಬಂದರು. ಮದುವೆ ಗೊತ್ತಾಗಿದೆಯಂತೆ, ಬಾಗಲಕೋಟೆಯ ಬೇರೊಬ್ಬ ವರ, ನಕ್ಷತ್ರ ಚಲೋ ಕೂಡಿದೆಯಂತೆ. ಬಂದ ಬೀಗರಿಗೆಲ್ಲ ಹಂಚಲು ವಚನದ ಪುಸ್ತಕ ಬೇಕಂತೆ. ನನ್ನ ಪಿತ್ತ ನೆತ್ತಿಗೇರಿತು.

"ಏನ್ರಿ ಮಾಸ್ತರ, ಮೈಕಿನ ಮುಂದ ಒಂದು, ಮನ್ಯಾಗ ಒಂದೇನ್ರಿ?"

ಅವರು ಸಿಟ್ಟಾಗಲಿಲ್ಲ. "ಖರೇನ ಐತ್ರಿ. ಆದ್ರ ನಾಳೆ ಏನರ ಹೆಚ್ಚುಕಡಿಮಿ ಆತಂದ್ರ? ಒಬ್ಬಾಕಿ ಮಗಳ್ರಿ. ಅಂಜಿಕಿ ಬರ್ತೈತಿ," ಎಂದರು.

ಅಂಥ ಅಂಜಿಕೆಯಿಂದಲೇ ನನ್ನ ಅಂಗಡಿ ನಡೆದಿದೆ. ವಚನದ ಪುಸ್ತಕಗಳನ್ನು ತೆಗೆದು, ಯಾವುದು ಬೇಕು ನೋಡವಾ ಎಂದು ಮಗಳ ಕಡೆ ಸರಿಸಿದೆ. ಅವಳು ಮುಟ್ಟಲಿಲ್ಲ.

"ಯಾವುದರ ಕೊಡ್ರಿ ಕಾಕಾ," ಎಂದಳು, ಅಪ್ಪನ ಮುಖ ನೋಡುತ್ತ. "ಮನಿಗೆ ಒಯ್ದು ಯಾರು ಓದ್ತಾರ?"