ಸುಮ್ಮನೆ ಕೂರುವ ಪಾತ್ರ

ನನ್ನ ಮೊಣಕಾಲಿನ ಮೇಲೆ ಮೊದಲ ನೀಲಿ ಕಲೆ ಕಂಡ ದಿನ ಅವ್ವ ಕೊಬ್ಬರಿ ಎಣ್ಣೆ ಹಚ್ಚಿದಳು. ಆಮೇಲೊಂದು ಸೊಂಟದ ಪಕ್ಕ ಮೂಡಿದಾಗ ಅರಿಶಿನ ಹಾಕಿದ ಹಾಲು ಕುಡಿಸಿದಳು. ಬೆನ್ನ ಮೇಲೆ ಅಂಗೈಯಗಲದ ಕಲೆ ನೋಡಿದ ಮೇಲೆ ಮಾತ್ರ ನನ್ನನ್ನು ಪಪ್ಪನ ಎದುರು ನಿಲ್ಲಿಸಿ, "ಇದು ಡಾನ್ಸ್ ಕ್ಲಾಸೋ ಕುಸ್ತಿ ಗರಡಿಯೋ, ನೀವ ಒಮ್ಮೆ ಹೋಗಿ ನೋಡ್ಕೊಂಡು ಬರ್ರಿ" ಅಂದಳು.

ಅವಳ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ. ಧಾರವಾಡದಿಂದ ಮದುವೆಯಾಗಿ ಮುಂಬಯಿಯ ಸಯನ್‌ಗೆ ಬಂದ ಅವ್ವನಿಗೆ ಡಾನ್ಸ್ ಎಂದರೆ ಗೆಜ್ಜೆ, ಜಡೆಬಿಲ್ಲೆ, ಕಣ್ಣಿಗೆ ದಪ್ಪ ಕಾಡಿಗೆ. ನಾನು ಕಾಲೇಜಿನ ಎರಡನೆಯ ವರ್ಷದಲ್ಲಿ ಸೇರಿಕೊಂಡದ್ದು ಹುಡುಗ ಹುಡುಗಿಯರದೊಂದು ಕಾಂಟೆಂಪರರಿ ಡಾನ್ಸ್ ಕಂಪನಿ. ಅಲ್ಲಿ ಗೆಜ್ಜೆ ಇಲ್ಲ, ಎಷ್ಟೋ ಸಲ ಹಾಡೂ ಇಲ್ಲ. ನೆಲದ ಮೇಲೆ ಉರುಳುತ್ತೇವೆ, ಒಬ್ಬರ ಬೆನ್ನಿಗೆ ಇನ್ನೊಬ್ಬರು ಭಾರ ಕೊಡುತ್ತೇವೆ, ಓಡಿಬಂದು ಬೀಳುತ್ತೇವೆ, ಎದ್ದು ಮತ್ತೆ ಓಡುತ್ತೇವೆ. ಕಲ್ಯಾಣದಿಂದ, ವಸಯಿಯಿಂದ, ಎಲ್ಲೆಲ್ಲಿಂದಲೋ ಲೋಕಲ್ ರೈಲು ಹಿಡಿದು ಬರುವ ನಮ್ಮನ್ನೆಲ್ಲ ಹೀಗೆ ಬೀಳಿಸಿ ಏಳಿಸುವವರು ನಮ್ಮ ನಿರ್ದೇಶಕಿ. ನಾವು ಅವರನ್ನು ದೀದಿ ಎನ್ನುತ್ತಿದ್ದೆವು. ದನಿ ಏರಿಸದೆ ಮಾತಾಡುವ, ಆದರೆ ಒಂದೇ ಹೆಜ್ಜೆಯನ್ನು ಸಂಜೆಯವರೆಗೂ ಮಾಡಿಸಬಲ್ಲ ಹೆಂಗಸು.

ಪಪ್ಪ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದರು. ಅವ್ವನ ಆಜ್ಞೆಯಂತೆ ಶನಿವಾರ ಅರ್ಧ ದಿನ ರಜೆ ಹಾಕಿ ನನ್ನ ಜೊತೆ ಹೊರಟರು. ದಾದರ್‌ನಲ್ಲಿ ಗಾಡಿ ಬದಲಿಸಿ ಜೋಗೇಶ್ವರಿಯಲ್ಲಿ ಇಳಿದೆವು. ಅಲ್ಲಿ ಸಣ್ಣ ಸಣ್ಣ ಕಾರ್ಖಾನೆಗಳ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ನಮ್ಮ ಹಾಲ್. ಕೆಳಗೆ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಮಾಡುವ ಯಂತ್ರ. ಅದು ಶುರುವಾದರೆ ನಮ್ಮ ನೆಲ ಧಡ್ ಧಡ್ ಎಂದು ತಾಳ ಹಾಕುತ್ತಿತ್ತು. ದೀದಿ ಅದನ್ನು ನಮ್ಮ ಬಿಟ್ಟಿ ಸಂಗೀತ ಎನ್ನುತ್ತಿದ್ದರು.

ಪಪ್ಪ ಮೂಲೆಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ತೊಡೆಯ ಮೇಲೆ ಆಫೀಸ್ ಬ್ಯಾಗ್ ಇಟ್ಟುಕೊಂಡು ಕುಳಿತರು. ತನಿಖೆಗೆ ಬಂದವರ ಮುಖ. ನಾವು ಬಿದ್ದೆವು, ಎದ್ದೆವು, ಉರುಳಿದೆವು. ಅವರು ಅಲ್ಲಾಡಲಿಲ್ಲ. ನೀರು ಕುಡಿಯಲು ಬಿಟ್ಟಾಗ ನಾನು ಹತ್ತಿರ ಹೋದೆ.

"ಹೆಂಗನಿಸ್ತು ಪಪ್ಪಾ?"

"ಎಲ್ಲಾರೂ ಬೀಳಾಕತ್ತೀರಿ. ಯಾರ್ ದೂಡಾಕತ್ತಾರ ಅನ್ನೂದ ತಿಳೀಲಿಲ್ಲ."

ಅಷ್ಟರಲ್ಲಿ ದೀದಿ ನಮ್ಮ ಹತ್ತಿರ ಬಂದರು. ಹೊಸ ಪ್ರಯೋಗದಲ್ಲಿ ವೇದಿಕೆಯ ನಡುವೆ ಒಬ್ಬ ವಯಸ್ಕ ಗಂಡಸು ಮೊದಲಿಂದ ಕೊನೆಯವರೆಗೆ ಕುರ್ಚಿಯ ಮೇಲೆ ಸುಮ್ಮನೆ ಕೂರಬೇಕಿತ್ತು. ಅವನ ಸುತ್ತ ನಾವೆಲ್ಲ ಓಡುತ್ತೇವೆ, ಅವನ ಕಾಲ ಬುಡದಲ್ಲಿ ಬೀಳುತ್ತೇವೆ. ಅವನು ಮಾತ್ರ ಎದುರಿಗೆ ನೋಡುತ್ತಲೇ ಇರುತ್ತಾನೆ. ಆ ಪಾತ್ರ ಮಾಡುತ್ತಿದ್ದವರು ದೀದಿಯ ಬಿಲ್ಡಿಂಗಿನ ಒಬ್ಬ ನಿವೃತ್ತರು. ಅವರು ಡೆಂಗ್ಯೂ ಬಂದು ಮಲಗಿದ್ದರು, ಪ್ರದರ್ಶನ ಮುಂದಿನ ವಾರವೇ ಇತ್ತು.

ದೀದಿ ಹಿಂದಿಯಲ್ಲಿ ಕೇಳಿದರು. "ಅಂಕಲ್, ನೀವು ಇಷ್ಟು ಹೊತ್ತು ಒಂದು ಬೆರಳೂ ಆಡಿಸಲಿಲ್ಲ. ಹೀಗೇ ಸ್ಟೇಜ್ ಮೇಲೆ ಕೂರುತ್ತೀರಾ?"

ಪಪ್ಪ ನನ್ನ ಕಡೆ ತಿರುಗಿದರು. "ಬರೇ ಕುಂದ್ರೂದೇನು?"

"ಬರೇ ಕುಂದ್ರೂದು."

"ಡೈಲಾಗ್?"

"ಏನೂ ಇಲ್ಲ."

ಸ್ವಲ್ಪ ಯೋಚಿಸಿ ಪಪ್ಪ ಅಂದರು. "ಅದನ್ನ ನಾ ಆಫೀಸಿನ್ಯಾಗ ಇಷ್ಟ ವರ್ಷ ಮಾಡೇನಿ. ಆಗ್ಲಿ ಅಂತ ಹೇಳು."

ತನಿಖೆಗೆ ಬಂದ ಅಧಿಕಾರಿ ಹೀಗೆ ನಮ್ಮ ಕಂಪನಿಗೆ ಸೇರಿದರು. ಮನೆಗೆ ಬಂದು ಅವ್ವನಿಗೆ ವರದಿ ಒಪ್ಪಿಸುವಾಗ ನನ್ನ ಗಾಯಗಳ ವಿಷಯ ಅವರಿಗೆ ನೆನಪೇ ಆಗಲಿಲ್ಲ. ತಮ್ಮ ಪಾತ್ರದ ವಿಷಯವನ್ನಷ್ಟೇ ಹೇಳಿದರು. ಸೋಮವಾರದಿಂದ, ಆಫೀಸಿನಿಂದ ಬಂದವರೇ ಟಿವಿ ಹಾಕದೆ, ಗೋಡೆ ನೋಡುತ್ತ ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಅವ್ವ ಚಹಾ ತಂದರೆ ಕೈ ಚಾಚುತ್ತಿರಲಿಲ್ಲ.

"ತಗೋರಿ, ಆರತೈತಿ."

ಪಪ್ಪ ತುಟಿಯನ್ನಷ್ಟೇ ಆಡಿಸಿ, "ಪ್ರ್ಯಾಕ್ಟೀಸ್ ನಡದೈತಿ" ಅನ್ನುತ್ತಿದ್ದರು.

"ಮದಿವ್ಯಾದಾಗಿಂದನೂ ನಡದೈತಿ" ಅಂತ ಅವ್ವ ಚಹಾ ಅಲ್ಲೇ ಇಟ್ಟು ಒಳಗೆ ಹೋಗುತ್ತಿದ್ದಳು.

ಅಭ್ಯಾಸದಲ್ಲಿ ಪಪ್ಪ ಒಳ್ಳೆಯ ವಿದ್ಯಾರ್ಥಿ, ಒಂದು ವಿಷಯ ಬಿಟ್ಟು. ಬೇರೆ ಯಾರೇ ಅವರ ಕಾಲ ಬಳಿ ಬಿದ್ದರೂ ಕಲ್ಲಿನಂತೆ ಕೂರುತ್ತಿದ್ದರು. ನಾನು ಬಿದ್ದಾಗ ಮಾತ್ರ ಅವರ ಬಲಗೈ ತಾನಾಗಿ ಮುಂದೆ ಬರುತ್ತಿತ್ತು. ದೀದಿ ಮೆತ್ತಗೆ "ಅಂಕಲ್, ಹಾಥ್" ಅನ್ನುತ್ತಿದ್ದರು. ಪಪ್ಪ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಮುಂದಿನ ಸಲ ಮತ್ತೆ ಅದೇ. ಕೊನೆಗೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತರು. ಶಾಲೆಯಲ್ಲಿ ಕೈ ಸುಮ್ಮನಿರದ ಹುಡುಗರನ್ನು ಹಾಗೆ ಕೂರಿಸುತ್ತಾರಲ್ಲ, ಹಾಗೆ. ದೀದಿಗೆ ಆ ಭಂಗಿ ಇಷ್ಟವಾಗಿ, ಅದನ್ನೇ ಉಳಿಸಿಕೊಂಡರು.

ಪ್ರದರ್ಶನ ಭಾನುವಾರ ಸಂಜೆ, ಪರೇಲ್‌ನ ಒಂದು ಹಳೆಯ ಮಿಲ್ ಆವರಣದ ಪುಟ್ಟ ಸಭಾಂಗಣದಲ್ಲಿ. ಪಪ್ಪ ಆಫೀಸಿಗೆ ಹೋಗುವ ಬಿಳಿ ಶರ್ಟನ್ನೇ ಹಾಕಿಕೊಂಡಿದ್ದರು. ದೀದಿಯ ಪ್ರಕಾರ ಅದೇ ವೇಷ. ಅವ್ವನ ತಂಗಿಯ ಮನೆಯಲ್ಲಿ ಪೂಜೆ ಇದ್ದುದರಿಂದ ಅವಳು ಬಂದಿರಲಿಲ್ಲ. ಅದು ಒಳ್ಳೆಯದೇ ಆಯಿತು.

ದೀಪ ಆರಿ, ಹತ್ತಿ, ಆಟ ಶುರುವಾಯಿತು. ಅರ್ಧದವರೆಗೂ ಎಲ್ಲ ಸರಿಯಾಗಿತ್ತು. ಪಪ್ಪ ಎಷ್ಟು ಅಲುಗಾಡದೆ ಕೂತಿದ್ದರೆಂದರೆ ಮೊದಲ ಸಾಲಿನಲ್ಲಿದ್ದ ಒಂದು ಮಗು ಅದು ಗೊಂಬೆಯೋ ಮನುಷ್ಯನೋ ಎಂದು ತಾಯಿಯನ್ನು ಗಟ್ಟಿಯಾಗಿ ಕೇಳಿತು. ನಾನು ಮೂಲೆಯಿಂದ ಓಡಿಬಂದು ಕುರ್ಚಿಯ ಎದುರು ಬಿದ್ದು, ಉರುಳಿ, ಎದ್ದು ಹೋಗಬೇಕಾದ ಜಾಗ ಬಂತು. ಅಷ್ಟು ಹೊತ್ತಿಗೆ ನಮ್ಮ ಬೆವರಿನಿಂದ ನೆಲ ಒದ್ದೆಯಾಗಿತ್ತು. ಬೀಳಬೇಕಾದ ಹೆಜ್ಜೆಗಿಂತ ಮೊದಲೇ ನನ್ನ ಕಾಲು ಜಾರಿತು. ಪಾದ ಒಳಕ್ಕೆ ಹೊರಳಿ, ಸೊಂಟ ನೆಲಕ್ಕೆ ಬಡಿಯಿತು. ಕಲಿತ ಬೀಳುವಿಕೆಗೆ ಸದ್ದಿರುವುದಿಲ್ಲ. ಇದಕ್ಕೆ ಇತ್ತು.

ಪ್ರೇಕ್ಷಕರಿಗೆ ವ್ಯತ್ಯಾಸ ತಿಳಿಯಲಿಲ್ಲ. ಅಲ್ಲಿಯವರೆಗೆ ನಾವು ಬಿದ್ದದ್ದೇ ಬಿದ್ದದ್ದು, ಇದೂ ಒಂದು ಅಂದುಕೊಂಡಿರಬೇಕು. ಪಪ್ಪನಿಗೆ ತಿಳಿಯಿತು. ತೊಡೆಯ ಕೆಳಗಿಂದ ಕೈಗಳು ಹೊರಬಂದವು. ಕುರ್ಚಿ ಕಿರ್ ಎಂದಿತು. ಅವರು ಎದ್ದು ನಿಂತು, ಸ್ಟೇಜಿನ ನಟ್ಟನಡುವೆ, ಶುದ್ಧ ಧಾರವಾಡ ಕನ್ನಡದಲ್ಲಿ ಕೇಳಿದರು. "ಪೆಟ್ಟಾತೇನವಾ?"

ನನಗೆ ನೋವು, ಭಯ, ನಗು ಒಟ್ಟಿಗೇ ಬಂದವು. ಪಿಸುದನಿಯಲ್ಲಿ, "ಇಲ್ಲ ಪಪ್ಪಾ, ಕುಂದರ್ರಿ" ಅಂದೆ.

ಅವರು ಕೂರಲಿಲ್ಲ. ನನ್ನ ತೋಳು ಹಿಡಿದು ಎಬ್ಬಿಸಿ, ತಮ್ಮ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಆಮೇಲೆ ತಾವು ಎಲ್ಲಿ ಹೋಗಬೇಕೆಂದು ತಿಳಿಯದೆ, ಕುರ್ಚಿಯ ಬೆನ್ನು ಹಿಡಿದು ನಿಂತುಬಿಟ್ಟರು. ಹಳೇ ಮದುವೆ ಫೋಟೋಗಳಲ್ಲಿ ಗಂಡ ನಿಲ್ಲುತ್ತಾನಲ್ಲ, ಹಾಗೆ.

ನನ್ನ ಜೊತೆಗಾರರು ನಿಜಕ್ಕೂ ಜಾಣರು. ವಸಯಿಯಿಂದ ಬರುತ್ತಿದ್ದ, ನಮ್ಮಲ್ಲೆಲ್ಲ ಎತ್ತರದ ಹುಡುಗಿ ಒಂದು ಕ್ಷಣ ನೋಡಿದಳು. ಓಡಿಬಂದು ನಾನು ಬಿದ್ದ ಜಾಗದಲ್ಲೇ ಬಿದ್ದಳು, ತಲೆಯೆತ್ತಿ ಪಪ್ಪನ ಕಡೆ ನೋಡಿದಳು. ಪಪ್ಪ ಪಾಪ, ಅವಳನ್ನೂ ಕೈಹಿಡಿದು ಎಬ್ಬಿಸಿದರು. ಇದನ್ನು ಕಂಡ ಉಳಿದವರೂ ಸಾಲಾಗಿ ಬಂದು ಬೀಳತೊಡಗಿದರು. ಪಪ್ಪ ಒಬ್ಬೊಬ್ಬರನ್ನೇ ಎಬ್ಬಿಸುತ್ತ, ಕೊನೆಗೆ ಏದುಸಿರು ಬಿಡುತ್ತ, ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುವಾಗ ದೀಪ ಆರಿತು. ಚಪ್ಪಾಳೆ ಜೋರಾಗಿತ್ತು.

ಆಟದ ನಂತರ ಪ್ರೇಕ್ಷಕರ ಜೊತೆ ಮಾತುಕತೆ ಇತ್ತು. ಪಾದಕ್ಕೆ ಐಸ್ ಕಟ್ಟಿಕೊಂಡು ನಾನೂ ಕೂತಿದ್ದೆ. ದಪ್ಪ ಚೌಕಟ್ಟಿನ ಕನ್ನಡಕದ ಒಬ್ಬರು ಎದ್ದು, ಕುರ್ಚಿ ಎಂದರೆ ಅಧಿಕಾರ, ಅಧಿಕಾರ ತಾನಾಗಿ ಕೆಳಗಿಳಿದು ಬಿದ್ದವರಿಗೆ ಸ್ಥಾನ ಬಿಟ್ಟುಕೊಡುವ ಆ ಗಳಿಗೆಯನ್ನು ಹೇಗೆ ಕಟ್ಟಿದಿರಿ ಎಂದು ದೀರ್ಘವಾಗಿ ಕೇಳಿದರು. ದೀದಿ ಮೈಕನ್ನು ಪಪ್ಪನಿಗೆ ದಾಟಿಸಿದರು.

ಪಪ್ಪ ಹಿಂದಿಯಲ್ಲಿ, "ವೋ ಗಿರ್ ಗಯೀ ಥೀ ನಾ" ಅಂದರು. ಅವಳು ಬಿದ್ದಿದ್ದಳಲ್ಲ, ಅಷ್ಟೇ.

ಸಭೆ ನಕ್ಕಿತು. ಪ್ರಶ್ನೆ ಕೇಳಿದವರು ಮಾತ್ರ ತಲೆದೂಗಿ, "ಅದನ್ನೇ ನಾನೂ ಹೇಳುತ್ತಿರುವುದು" ಎಂದು ಕೂತರು.

ದೀದಿ ಆ ಭಾಗವನ್ನು ಹಾಗೇ ಇಟ್ಟುಕೊಳ್ಳೋಣ ಎಂದರು. ಅಲ್ಲಿಂದ ನಮ್ಮ ಕಷ್ಟ ಶುರುವಾಯಿತು. ಪಪ್ಪ ಈಗ ಕಲಾವಿದರು. ಮುಂದಿನ ಪ್ರದರ್ಶನಕ್ಕೆ ಮೀಸೆಗೆ ಬಣ್ಣ ಹಚ್ಚಿಸಿದರು. ಲೈಟಿನವನ ಹತ್ತಿರ ಹೋಗಿ, ತಾವು ಏಳುವಾಗ ಬೆಳಕು ಸ್ವಲ್ಪ ಎಡದಿಂದ ಬರಲಿ ಎಂದರು. "ಪೆಟ್ಟಾತೇನವಾ"ವನ್ನು ಬೇರೆ ಬೇರೆ ದನಿಯಲ್ಲಿ ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಿದರು. ಮಾಟುಂಗಾದ ಕನ್ನಡ ಗೆಳೆಯರನ್ನೆಲ್ಲ ಕರೆದರು.

ಪ್ರದರ್ಶನದ ಹೊತ್ತಿಗೆ ನನ್ನ ಪಾದ ವಾಸಿಯಾಗಿತ್ತು. ಆ ದಿನ ನಾನು ಮೂಲೆಯಿಂದ ಓಟ ಶುರುಮಾಡಿ ಇನ್ನೂ ಅರ್ಧ ದಾರಿಯಲ್ಲಿದ್ದೆ. ಪಪ್ಪ ಆಗಲೇ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಪ್ರೇಕ್ಷಕರ ಕಡೆ ತಿರುಗಿ, "ಪೆಟ್ಟಾತೇನವಾ?" ಎಂದರು. ನನಗೆ ಏನೂ ಆಗಿರಲಿಲ್ಲ. ಗಟ್ಟಿಮುಟ್ಟಾಗಿ ಓಡುತ್ತಿದ್ದೆ. ಬೇರೆ ದಾರಿ ಕಾಣದೆ ಅಲ್ಲೇ ದೊಪ್ಪೆಂದು ಬಿದ್ದೆ. ಹಿಂದಿನ ಸಾಲಿನ ಗೆಳೆಯರ ಕಡೆಯಿಂದ ಶಿಳ್ಳೆ ಬಂತು.

ಗಾಡಿಯಲ್ಲಿ ಮನೆಗೆ ಬರುವಾಗ ಪಪ್ಪ ಕಿಟಕಿಯಾಚೆ ನೋಡುತ್ತ ಕೂತಿದ್ದರು. ದಾದರ್ ದಾಟಿದ ಮೇಲೆ ಕೇಳಿದರು.

"ಕೆಟ್ಟಿತೇನು?"

"ಸ್ವಲ್ಪ ಮೊದಲಽ ಎದ್ರಿ."

"ನೀ ಬೀಳತಿ ಅಂತ ಗೊತ್ತಿದ್ದಾಗ ಹೆಂಗ ಕಾಯೂದು? ಕಾಯಾಕ ಆಗೂದಿಲ್ಲ."

ಅವರ ಭುಜಕ್ಕೆ ತಲೆ ಆನಿಸಿ ಕೂತೆ. ಮೀಸೆಯ ಬಣ್ಣ ಬೆವರಿಗೆ ಕರಗಿ ತುಟಿಯ ಅಂಚಿಗೆ ಇಳಿದಿತ್ತು.

ಡೆಂಗ್ಯೂ ವಾಸಿಯಾದ ನಿವೃತ್ತರು ತಮ್ಮ ಕುರ್ಚಿಗೆ ಮರಳಿದರು. ಪಪ್ಪ ಬೇಸರಪಟ್ಟುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಮುಂದಿನ ಭಾನುವಾರ ನಾನು ಚಪ್ಪಲಿ ಮೆಟ್ಟುವಾಗ ಅವರೂ ಹಳೇ ಪೈಜಾಮವೊಂದನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ದೀದಿಗೆ ಕೇಳಬೇಕಾದದ್ದೊಂದಿದೆ ಎಂದರು. ಜೋಗೇಶ್ವರಿ ಮುಟ್ಟಿದ ಮೇಲೆ, ಸಂಕೋಚದಿಂದ, ತಮಗೂ ಬೀಳುವುದನ್ನು ಕಲಿಸುತ್ತೀರಾ ಎಂದು ಕೇಳಿದರು. ಆಫೀಸಿನ ಒಬ್ಬ ಗೆಳೆಯರು ಮಳೆಗಾಲದಲ್ಲಿ ಸ್ಟೇಷನ್ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡಿದ್ದರಂತೆ.

ದೀದಿ ನಗಲಿಲ್ಲ. ಚಾಪೆ ಹಾಸಿಸಿದರು. ಮೊಣಕಾಲು ಸಡಿಲ ಬಿಡುವುದು, ಉಸಿರು ಹೊರಹಾಕುವುದು, ಮೊದಲು ಮೀನಖಂಡ, ಆಮೇಲೆ ತೊಡೆ, ಆಮೇಲೆ ಪಕ್ಕೆ, ಹೀಗೆ ಮೈಯನ್ನು ಸ್ವಲ್ಪ ಸ್ವಲ್ಪವಾಗಿ ನೆಲಕ್ಕೆ ಒಪ್ಪಿಸುವುದು. ನಾವೆಲ್ಲ ಸುತ್ತ ನಿಂತೆವು. ಕೆಳಗೆ ಯಂತ್ರ ಧಡ್ ಧಡ್ ಎನ್ನುತ್ತಿತ್ತು. ಪಪ್ಪ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು, ಕಣ್ಣು ಮುಚ್ಚಿದರು, ಬಹಳ ಹೊತ್ತು ಹಾಗೇ ನಿಂತರು, ಆಮೇಲೆ ನಿಧಾನಕ್ಕೆ, ನೀರಲ್ಲಿ ಇಳಿದಂತೆ, ಬಿದ್ದರು. ಸದ್ದಾಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಪಪ್ಪ ಮಲಗಿದಲ್ಲಿಂದಲೇ ಛಾವಣಿ ನೋಡುತ್ತ ನನಗೆ ಹೇಳಿದರು. "ಛಲೋ ಐತಿ. ಏಳೂದು ಯಾವಾಗ ಕಲಸ್ತಾರ ಕೇಳು."