ನೆಂಟರ ಎಲ್ಲೆ

ಅರಣ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದಾಗ ನಮ್ಮ ಮನೆಯವರ ಕಣ್ಣಲ್ಲಿ ನನ್ನ ಕೆಲಸಕ್ಕೆ ಒಂದೇ ರೂಪವಿತ್ತು: ಖಾಕಿ ಬಟ್ಟೆ, ಜೀಪು, ಸಲಾಮು. ನಾನು ಸೇರಿದ್ದು ಹನೂರಿನ ಒಂದು ಸಣ್ಣ ಸಂಸ್ಥೆಗೆ. ಕಾಡಂಚಿನ ಸೋಲಿಗರ ಪೋಡುಗಳು, ಅಂದರೆ ಅವರ ಹಾಡಿಗಳು, ಸಮುದಾಯ ಅರಣ್ಯ ಹಕ್ಕಿಗೆ ಅರ್ಜಿ ಹಾಕುವಾಗ ನೆರವಾಗುವುದು, ಅವರ ಕಾಡಿನ ನಕ್ಷೆ ಮಾಡಿಕೊಡುವುದು, ಹಕ್ಕುಪತ್ರ ಬಂದ ಮೇಲೆ ಆ ಕಾಡನ್ನು ಅವರೇ ನೋಡಿಕೊಳ್ಳುವ ಯೋಜನೆ ಬರೆಯುವುದು ಅಲ್ಲಿನ ಕೆಲಸ. ಮಧುವನಹಳ್ಳಿಯ ನಮ್ಮ ಮನೆಯ ಜಗುಲಿಯ ಮೇಲೆ ಕುಳಿತು ಇದನ್ನೆಲ್ಲ ಕೇಳಿದ ಸೋದರಮಾವ, "ಅಂಗಾರ ನೀನು ಕಾಡ್ನೋರಿಗ ಕಾಡು ತೋರ್ಸಕ ಓಯ್ತಿದ್ದಯ ಅನ್ನು," ಎಂದರು. ಎಲ್ಲರೂ ನಕ್ಕರು. ಮನೆಯಲ್ಲಿ ಉತ್ತರ ಕೊಡುವ ಅಭ್ಯಾಸ ನನಗೆ ಮೊದಲಿನಿಂದಲೂ ಕಡಿಮೆ.

ನನಗೆ ಒಪ್ಪಿಸಿದ ಮೊದಲ ಪೋಡು ಲೊಕ್ಕನಹಳ್ಳಿಯಿಂದ ಕಾಡಿನ ಕಡೆಗೆ ಹೋಗುವ ಮಣ್ಣುದಾರಿಯ ಕೊನೆಯಲ್ಲಿತ್ತು. ಅಲ್ಲಿನ ಯಜಮಾನರನ್ನು ನಾನು ತಾತ ಎಂದು ಕರೆಯುತ್ತಿದ್ದೆ. ನಕ್ಷೆಗಾಗಿ ಅವರ ಜೊತೆ ಮೂರು ದಿನ ಕಾಡು ಸುತ್ತಿದೆ. ಅವರ ಸೊಸೆ ಮುದ್ದೆಯ ಗಂಟು, ನೀರಿನ ಕ್ಯಾನು ಹೊತ್ತು ಹಿಂದೆ ಬರುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಅವಳನ್ನು ಅಕ್ಕ ಎನ್ನುತ್ತಿದ್ದೆ. ತಾತ ಒಂದೊಂದು ಕಡೆ ನಿಂತು ಹೇಳುತ್ತಿದ್ದರು: ಇದು ದೇವರ ಕಲ್ಲು, ಇದು ಬೇಸಿಗೆಯಲ್ಲೂ ಬತ್ತದ ಅಬ್ಬಿ, ಇದು ಹೆಜ್ಜೇನು ಕಟ್ಟುವ ಮರ. ನಾನು ಜಿಪಿಎಸ್ ಗುಂಡಿ ಒತ್ತುತ್ತಿದ್ದೆ. ಅದು ಪ್ರತಿ ಸಲವೂ ಸಣ್ಣಗೆ ಕೂಗುತ್ತಿತ್ತು.

"ಗುಬ್ಬಚ್ಚಿ ಮರಿ ಇದ್ದಂಗದಲ್ಲವ್ವ ನಿನ್ನ ಮಿಸಿನು," ಎಂದರು ತಾತ. "ಏನ್ ತಿಂದದು?"

"ಬ್ಯಾಟ್ರಿ ತಿಂತದ ಕನ ಮಾವ," ಎಂದಳು ಅಕ್ಕ ಹಿಂದಿನಿಂದ. "ನಿಮ್ಮಂಗ ಎಲಡಿಕ ಕೇಳದಿಲ್ಲ."

ಮೂರನೆಯ ದಿನ ಮಧ್ಯಾಹ್ನ ಒಂದು ಬೋರೆಯ ನೆತ್ತಿಗೆ ಹತ್ತಿದೆವು. ಅಲ್ಲಿಂದ ಆಚೆಗೆ ಕಾಡು ಪಡುವಣಕ್ಕೆ ಇಳಿಯುತ್ತದೆ. ತಾತ ನಿಂತರು. ಅಲ್ಲಿಯವರೆಗೆ ಎಲ್ಲದಕ್ಕೂ ಕೈ ಚಾಚಿ ತೋರಿಸುತ್ತಿದ್ದವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ನಿಮ್ಮ ಎಲ್ಲೆ ಎಲ್ಲಿವರೆಗೆ ತಾತ?" ಎಂದು ಕೇಳಿದೆ.

"ಇಲ್ಲೀಗಂಟ."

"ಆಚೆಗೆ?"

"ಆಚಗ ನೆಂಟ್ರ ಎಲ್ಲೆ. ನಾವು ಎಣ್ಣು ತಂದಿರೋ ಕುಲದೋರ್ದು. ಅದ್ಕ ನಾವು ಕೈ ತೋರುಸ್ಬಾರ್ದು ಕಣವ್ವ."

ಸೋಲಿಗರಲ್ಲಿ ಒಂದೊಂದು ಕುಲಕ್ಕೆ ಕಾಡಿನ ಒಂದೊಂದು ಭಾಗ ಸೇರಿದ್ದೆಂದು ಓದಿದ್ದೆ. ಆದರೆ ನೆಂಟರ ಭಾಗಕ್ಕೆ ಬೆರಳನ್ನೂ ತೋರಿಸದ ಈ ನಡತೆ ಯಾವ ಪುಸ್ತಕದಲ್ಲೂ ಇರಲಿಲ್ಲ. ನನಗೆ ಅದು ಬಹಳ ಹಿಡಿಸಿತು. ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಆ ಕುಲದವರು ಈಗ ಎಲ್ಲಿದ್ದಾರೆ ಎಂದು ಕೇಳಿದೆ. ಅವರ ಅಜ್ಜಂದಿರ ಕಾಲದಲ್ಲೇ ಕಾಡಿನಿಂದ ಇಳಿದು ಬೆಟ್ಟದ ಆ ಮಗ್ಗುಲಿಗೆ, ಯಳಂದೂರಿನ ಕಡೆಗೆ ಹೋಗಿ ನೆಲೆಸಿದರಂತೆ. ಅಕ್ಕ ಆ ಕುಲದ ಮಗಳು. ಅವಳು ನಮ್ಮ ಮಾತು ಕೇಳಿಸದವಳಂತೆ ಮುದ್ದೆಯ ಗಂಟು ಬಿಚ್ಚುತ್ತಿದ್ದಳು. ಬೋರೆಯ ಉದ್ದಕ್ಕೂ ನಡೆದು ನಾನು ಗುಂಡಿ ಒತ್ತಿದೆ. ನಕ್ಷೆಯ ಪಡುವಣ ಗೆರೆ ಹಾಗೆ ಆಯಿತು.

ಅರ್ಜಿಯಲ್ಲಿ ಕೇಳುವುದು ಎಲ್ಲೆ ಯಾರದೆಂದಲ್ಲ. ಎಲ್ಲೆಲ್ಲಿಗೆ ಹೋಗುತ್ತೀರಿ, ಏನೇನು ತರುತ್ತೀರಿ, ಯಾವಾಗಿನಿಂದ ಎಂದು ಅದು ಕೇಳುತ್ತದೆ. ಇದನ್ನು ನಾನು ಎರಡು ವರ್ಷ ಓದಿದ್ದೆ, ಇತರರಿಗೆ ತರಬೇತಿಯಲ್ಲಿ ಹೇಳಿಕೊಟ್ಟೂ ಇದ್ದೆ. ಆ ಬೋರೆಯ ಮೇಲೆ ಮಾತ್ರ ಕೇಳಲಿಲ್ಲ.

ಗ್ರಾಮಸಭೆಯಲ್ಲಿ ನಕ್ಷೆಯನ್ನು ಬಿಡಿಸಿ ಗೋಡೆಗೆ ಅಂಟಿಸಿದೆವು. ಅಬ್ಬಿಗೆ ನೀಲಿ ಚುಕ್ಕೆ, ದೇವರ ಕಲ್ಲಿಗೆ ಕೆಂಪು, ಜೇನಿನ ಮರಕ್ಕೆ ಹಳದಿ. ಸ್ಥಳಗಳ ಹೆಸರನ್ನು ಒಂದೊಂದಾಗಿ ಓದಿದೆ. ಎಲ್ಲರೂ ಒಪ್ಪಿ ಕೈ ಎತ್ತಿದರು, ಸಹಿ ಮಾಡಿದರು, ಹೆಬ್ಬೆಟ್ಟು ಒತ್ತಿದರು. ಹಕ್ಕುಪತ್ರ ನಾವು ಅಂದುಕೊಂಡದ್ದಕ್ಕಿಂತ ಬೇಗ ಬಂತು. ತಾತ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಟ್ಟದಲ್ಲಿ ಮಡಗಿದರು. ನಾನು ವರದಿ ಬರೆದೆ. ನಮ್ಮ ಸಂಸ್ಥೆಯವರು ಅದನ್ನು ಬೇರೆ ಪೋಡುಗಳಿಗೆ ಮಾದರಿ ಎಂದು ತೋರಿಸಿದರು.

ನೆಲ್ಲಿಕಾಯಿಯ ಕಾಲ ಶುರುವಾದ ವಾರ ಅಕ್ಕ ಫೋನ್ ಮಾಡಿದಳು. ಅವಳು ತಾನಾಗಿ ಫೋನ್ ಮಾಡಿದ್ದು ಅದೇ ಮೊದಲು.

"ಅವ್ವ, ಬೋರೆ ಮೇಗ ವಾಚರು ಕುಂತವ್ನ. ಆಚಗ ಓಗಬ್ಯಾಡಿ ಅಂತವ್ನ. ನಕ್ಷೇಲಿ ಇಲ್ವಂತ."

ಮಾರನೆಯ ಬೆಳಿಗ್ಗೆ ಹೋದೆ. ಬೋರೆಯ ಈಚೆ ಬದಿಯಲ್ಲಿ ಏಳೆಂಟು ಹೆಂಗಸರು ಖಾಲಿ ಚೀಲಗಳನ್ನು ಮಡಚಿ ಅವುಗಳ ಮೇಲೆ ಕುಳಿತಿದ್ದರು. ಅರಣ್ಯ ಇಲಾಖೆಯ ಆ ವಾಚರ್ ಕೂಡ ಅದೇ ಸುತ್ತಿನವನು, ಎಲ್ಲರಿಗೂ ಗುರುತಿನವನು. ಹೆಂಗಸರು ಅವನನ್ನು ರೇಗಿಸುತ್ತಿದ್ದರು.

"ಏನ್ಲಾ, ನಿನ್ನ ಎಂಡ್ರು ಉಪ್ಪಿನಕಾಯಿ ಆಕದ್ನೂ ಬುಟ್ಟುಬುಟ್ಟಳಾ?"

ಅವನು ನನ್ನನ್ನು ನೋಡಿ ಎದ್ದು ನಿಂತ. "ನಾ ಏನ್ ಮಾಡ್ಲಿ ಮೇಡಂ? ಮೊದ್ಲು ಗೆರೆ ಇರ್ನಿಲ್ಲ. ನೋಡ್ದೆ ಇದ್ದೋನಂಗ ನಾನು ಆ ಕಡ ತಿರಿಕಂಡು ನಿಂತ್ಕತಿದ್ದಿ. ಈಗ ನೀವೇ ಗೆರೆ ಆಕ್ಕೊಟ್ಟಿದ್ದೀರಿ. ನಾಳ ಸಾಹೇಬ್ರು ಬಂದು ಕೇಳುದ್ರ ನಂಗ ಏನದ ಉತ್ರ?"

ಅವನು ಹೇಳಿದ್ದು ನಿಜ. ಹಕ್ಕು ಇಲ್ಲದಾಗ ಅವರು ಹೋಗುತ್ತಿದ್ದ ಜಾಗಕ್ಕೆ ಹಕ್ಕುಪತ್ರ ಬಂದ ಮೇಲೆ ಹೋಗುವಂತಿರಲಿಲ್ಲ. ಈ ಬದಿಯ ನೆಲ್ಲಿ ಮರಗಳನ್ನು ಲಂಟಾನದ ಪೊದೆ ಮುಚ್ಚಿ ವರ್ಷಗಳಾಗಿವೆ. ಕಾಯಿ ಬಿಡುವ ಮರಗಳೆಲ್ಲ ಪಡುವಣ ಇಳಿಜಾರಿನಲ್ಲಿದ್ದವು. ಪೋಡಿನ ಹೆಂಗಸರು, ಎಲ್ಲರಿಗಿಂತ ಹೆಚ್ಚಾಗಿ ಅಕ್ಕ, ಆ ಎರಡು ತಿಂಗಳ ಕಾಯನ್ನು ನೆಚ್ಚಿಕೊಂಡಿದ್ದರು. ಹೊಲದ ರಾಗಿಯನ್ನು ಹಂದಿ, ಆನೆ ಮುಗಿಸಿದ ವರ್ಷ ಅವಳ ಕೈಗೆ ಹತ್ತುವುದು ಅದೊಂದೇ.

ಅಂದೇ ತಾತನನ್ನು ಕೇಳಿದೆ. ನನ್ನ ದನಿ ಏರಿರಬೇಕು. "ನೆಲ್ಲಿ ಅಲ್ಲಿಂದ ತರ್ತೀರಿ ಅಂತ ಯಾಕೆ ಹೇಳಲಿಲ್ಲ ತಾತ?"

"ನೀ ಕೇಳ್ದದ್ದು ನಿಮ್ಮೆಲ್ಲೆ ಎಲ್ಲೀಗಂಟ ಅಂತ. ನಾ ಸುಳ್ಳು ಏಳ್ಬೇಕಿತ್ತಾ?" ಅವರಿಗೆ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. "ಅವ್ರ ಕಾಡ್ಲಿ ನಾವು ಕಾಯಿ ತರದು ನೆಂಟಸ್ತನದ ಮೇಗ. ವರ್ಸ ವರ್ಸ ಮೊದ್ಲು ಬುಟ್ಟಿ ಅವ್ರಿಗೇ ಕಳುಸ್ತೀವಿ. ಅದ್ನ ನಮ್ದು ಅಂತ ಬರುಸ್ಕಂಡ್ರ ನಾಳ ಅವ್ರ ಮಕ ನೋಡಕಾದದಾ?"

ಕೊಳ್ಳೇಗಾಲದ ಕಚೇರಿಗೆ ಹೋದೆ. ಕಡತ ನೋಡುವ ಅಧಿಕಾರಿ ಒಳ್ಳೆಯವರು, ಕುರ್ಚಿ ಕೊಟ್ಟು ಟೀ ತರಿಸಿದರು. ನಕ್ಷೆಯನ್ನು ಮೇಜಿನ ಮೇಲೆ ಹರಡಿ, "ಇದು ನೀವೇ ಮಾಡಿದ್ದಲ್ವಾ ಮೇಡಂ? ಇಷ್ಟು ನೀಟಾಗಿರೋ ನಕ್ಷೆ ನಮಗೆ ಬರೋದೇ ಅಪರೂಪ," ಎಂದರು. ಕೆಳಗೆ ಮೂಲೆಯಲ್ಲಿ ನನ್ನ ಸಹಿ ಇತ್ತು. ತಪ್ಪು ನನ್ನದು ಎಂದೆ. ಅವರು ತಲೆಯಾಡಿಸಿ ಎರಡು ದಾರಿ ಹೇಳಿದರು. ಒಂದು, ಈ ಪೋಡಿನ ಗ್ರಾಮಸಭೆ ಮತ್ತೆ ಸೇರಿ, ಆ ಭಾಗವೂ ನಮ್ಮದೇ, ಬಿಟ್ಟುಹೋಗಿತ್ತು ಎಂದು ಠರಾವು ಕೊಡುವುದು. ಇಲ್ಲದಿದ್ದರೆ ಆ ಕುಲದವರು ತಮ್ಮ ಗ್ರಾಮಸಭೆಯಿಂದ ಅರ್ಜಿ ಹಾಕಿ ಹಕ್ಕು ಪಡೆದು ಇವರನ್ನೂ ಸೇರಿಸಿಕೊಳ್ಳುವುದು. ಎರಡರಲ್ಲಿ ಯಾವುದಾದರೂ ಆಗುತ್ತದೆ ಎಂದರು. ನಾನು ಸಮಾಧಾನದಿಂದ ಹೊರಬಂದೆ.

ತಾತ ಮೊದಲ ದಾರಿಯನ್ನು ಕೇಳುತ್ತಲೇ ತಳ್ಳಿಹಾಕಿದರು. 'ನಮ್ಮದು' ಎಂದು ಬರೆಯುವುದಿಲ್ಲ, 'ನಾವು ಬಳಸುವುದು' ಎಂದು ಬರೆಯೋಣ ಎಂದೆ.

"ನೀ ಎಂಗಾರ ಬರಿ ಅವ್ವ. ಓದೋನು ನಮ್ದು ಅಂತ್ಲೇ ಓದ್ತಾನ. ಮೊದ್ಲು ಅವ್ರು ಬಾಯಿ ಬುಡ್ಲಿ."

ಹಾಗಾಗಿ ಆ ಕುಲದವರ ಹತ್ತಿರ ಹೊರಟೆ. ಅಕ್ಕ ಜೊತೆಗೆ ಬಂದಳು. ತವರಿಗೆ ಹೋಗುತ್ತಿದ್ದೇನೆಂದು ಅವಳು ಹೂ ಮುಡಿದಿದ್ದಳು. ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ ಯಳಂದೂರಿಗೆ, ಅಲ್ಲಿಂದ ಆಟೋದಲ್ಲಿ ಬೆಟ್ಟದ ಬುಡದ ಕಾಲೊನಿಗೆ. ದಾರಿಯುದ್ದಕ್ಕೂ ಗದ್ದೆಗಳು. ಅಕ್ಕ ಕಿಟಕಿಯ ಪಕ್ಕ ಕುಳಿತು ಅವನ್ನೇ ನೋಡುತ್ತಿದ್ದಳು. "ನಮ್ಮೋರು ಇಲ್ಲಿಗ ಬಂದ್ಮೇಲ ಕಳ ಕೀಳದ ಕಲ್ತವ್ರ," ಎಂದಳು.

ಅವಳ ದೊಡ್ಡಪ್ಪ ಆ ಕುಲದ ಹಿರಿಯ. ಸಿಮೆಂಟು ಮನೆಯ ಮುಂದೆ ಚಾಪೆ ಹಾಸಿ ಕೂರಿಸಿದರು. ನಾನು ನಕ್ಷೆ ಬಿಡಿಸಿ ಎಲ್ಲವನ್ನೂ ಹೇಳಿದೆ. ಬೋರೆಯ ಮೇಲೆ ತಾತ ಕೈಕಟ್ಟಿ ನಿಂತದ್ದನ್ನು ಹೇಳಿದಾಗ ಅವರ ಮುಖ ಅರಳಿತು. ಅಂಗಳದಲ್ಲಿ ಸೇರಿದ್ದವರೂ ಒಬ್ಬರನ್ನೊಬ್ಬರು ನೋಡಿ ಮೆಚ್ಚಿಕೊಂಡರು.

"ಕಂಡ್ಯಾ, ನಮ್ಮ ಬೀಗ್ರು ಅಂದ್ರ ಅಂಗ!"

"ಈಗ ನೀವು ಅರ್ಜಿ ಹಾಕಿದರೆ ಸರಿಹೋಗುತ್ತೆ," ಎಂದೆ.

ಅವರು ನಕ್ಕರು. "ಅದೆಂಗವ್ವ ಆಕದು? ಎಣ್ಣ ಕೊಟ್ಟಾಗ್ಲೇ ಆ ಇಳಿಜಾರ್ನೂ ಬುಟ್ಕೊಟ್ಟೊ, ತಿಂದ್ಕಳಿ ಅಂತ. ಕೊಟ್ಟುದ್ನ ಈಗ ಸರ್ಕಾರದ್ತಾವ ಓಗಿ ನಮ್ದು ಅಂದ್ರ, ಬೀಗ್ರು ಏನ್ ತಿಳ್ಕಂಡಾರು? ಕಿತ್ಕಳಕ ಬಂದ್ರು ಅನ್ನಲ್ವಾ?"

"ಅವರಿಗಾಗಿಯೇ ಅಲ್ವಾ ನೀವು ಕೇಳೋದು?"

"ಅವ್ರೇ ಬರುಸ್ಕಳ್ಲಿ. ನಾವು ಬ್ಯಾಡ ಅಂದೊವಾ?"

"ಅವರು ಬರೆಸಿಕೊಳ್ಳಲ್ಲ ಅಂತಾರೆ."

"ಅದು ಅವ್ರ ದೊಡ್ಡಸ್ತಿಕೆ," ಎಂದು ಅವರು ಹೆಮ್ಮೆಯಿಂದ ಎಲೆಯಡಿಕೆ ತಟ್ಟೆಯನ್ನು ನನ್ನ ಮುಂದೆ ತಳ್ಳಿದರು.

ನನ್ನ ಹತ್ತಿರ ಇನ್ನೂ ಮಾತುಗಳಿದ್ದವು. ಕಾನೂನಿನ ಕಲಮುಗಳು, ಬೇರೆ ಕಡೆ ಎರಡು ಊರು ಸೇರಿ ಹಕ್ಕು ಪಡೆದ ಉದಾಹರಣೆ. ಎಲ್ಲವನ್ನೂ ಹೇಳಿದೆ. ಅವರು ಅಡ್ಡ ಬರದೆ ಕೇಳಿದರು. ಕೊನೆಯಲ್ಲಿ ನನಗೂ ಅಕ್ಕನಿಗೂ ಊಟ ಹಾಕಿ ಕಳಿಸಿದರು. ಒಂದು ಕಾಡನ್ನು ಇಬ್ಬರು ನನ್ನದು ನನ್ನದು ಎಂದು ಎಳೆದಾಡಿದರೆ ಏನು ಮಾಡಬೇಕೆಂದು ನಮಗೆ ತರಗತಿಯಲ್ಲಿ ಕಲಿಸಿದ್ದರು. ಇಬ್ಬರೂ ನಿಮ್ಮದು ನಿಮ್ಮದು ಎಂದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಅಕ್ಕ ಮೆಲ್ಲಗೆ, "ಇಬ್ರೂ ದೊಡ್ಡೋರು ಕಣವ್ವ. ನಾ ಚೀಲ ಇಡ್ಕಂಡು ಎಲ್ಲಿಗ ಓಗ್ಲಿ?" ಎಂದಳು.

ನೀನೇ ಗ್ರಾಮಸಭೆಯಲ್ಲಿ ಎದ್ದು ಹೇಳಬಹುದಲ್ಲ, ಕಾನೂನಿನಲ್ಲಿ ನಿನ್ನ ಮಾತಿಗೂ ಅವರ ಮಾತಿನಷ್ಟೇ ಬೆಲೆಯಿದೆ ಎಂದೆ. ಅವಳು ನನ್ನನ್ನೇ ನೋಡಿದಳು. "ಮಾವನ ಮುಂದ ನಿಂತ್ಕಂಡು ತೌರ್ಮನ ಎಲ್ಲೆಯ ಗಂಡನ ಮನ್ಗ ಬರ್ಕೊಡಿ ಅನ್ಲಾ? ಎಳ್ಡೂ ಮನೇಲಿ ನಂಗ ನೀರು ಉಟ್ಟದಾ?" ಆ ಮೇಲೆ ನಾನು ಅವಳನ್ನು ಒತ್ತಾಯಿಸಲಿಲ್ಲ. ನನ್ನ ಮನೆಯ ಜಗುಲಿಯಲ್ಲೇ ಬಾಯಿ ಬಿಡದ ನನಗೆ ಆ ಅಧಿಕಾರವೂ ಇರಲಿಲ್ಲ.

ತಪ್ಪು ಪೋಡಿನವರದಲ್ಲ, ನಕ್ಷೆ ಮಾಡಿದವಳದು ಎಂದು ನನ್ನ ಹೆಸರಿನಲ್ಲೇ ಒಂದು ಪತ್ರ ಬರೆದು ಕೊಟ್ಟೆ. ಕಚೇರಿಯಲ್ಲಿ ತೆಗೆದುಕೊಂಡು ಮೊಹರು ಹಾಕಿ ನಕಲು ಕೊಟ್ಟರು. ಠರಾವು ಬೇಕೇ ಬೇಕು ಎಂದರು. ನಮ್ಮ ಸಂಸ್ಥೆಯ ಮುಖ್ಯಸ್ಥರು, ಸಮಯ ಕೊಡಿ, ಸಮುದಾಯವೇ ತೀರ್ಮಾನಕ್ಕೆ ಬರಬೇಕು ಎಂದರು. ನಾನೂ ತರಬೇತಿಗಳಲ್ಲಿ ಇದೇ ಮಾತು ಹೇಳುತ್ತೇನೆ. ಆದರೆ ನೆಲ್ಲಿಕಾಯಿ ಹಣ್ಣಾಗಿ ಉದುರುವುದು ಯಾರ ತೀರ್ಮಾನಕ್ಕೂ ಕಾಯುವುದಿಲ್ಲ.

ಆ ಕಾಲ ಮುಗಿಯುವ ಹೊತ್ತಿಗೆ, ಬೋರೆಯಾಚೆಯ ಕಾಡಿನಲ್ಲಿ ಗಿಡಮರಗಳ ಗಣತಿ ಮಾಡಲು ನನಗೆ ಅನುಮತಿ ಪತ್ರ ಬಂತು. ಬಹಳ ಹಿಂದೆ, ಇನ್ನೊಂದು ಅಧ್ಯಯನಕ್ಕೆಂದು ಕೇಳಿದ್ದದು. ವಿಷಯ ಅಕ್ಕನಿಗೆ ಹೇಗೋ ತಿಳಿದಿತ್ತು. ನಾನು ಹೊರಟ ದಿನ ಅವಳೂ ಬೋರೆಯವರೆಗೆ ಹತ್ತಿ ಬಂದಳು.

"ನಿಂಗ ಕಾಗದ ಅದ. ನೀ ಓಗಿ ನೋಡ್ಕಬಾ. ಎಷ್ಟು ಬುಟ್ಟದ, ಎಷ್ಟು ಉದ್ರದ, ಅಷ್ಟ ಏಳು ಸಾಕು."

ಅವಳು ಅಲ್ಲೇ ಕುಳಿತಳು. ವಾಚರ್ ನನ್ನ ಜೊತೆ ಇಳಿದ. ಅವಳು ಹುಟ್ಟಿದ ಕುಲದ ಕಾಡಿಗೆ ಮಧುವನಹಳ್ಳಿಯ ನಾನು ಹೋದೆ. ಮರಗಳು ಕಾಯಿ ಹೊತ್ತು ಬಾಗಿದ್ದವು. ನೆಲದ ಮೇಲೆ ಹಳದಿಗೆ ತಿರುಗಿದ ಕಾಯಿ ಹಾಸಿಕೊಂಡಿತ್ತು. ಜಿಂಕೆಗಳು ತಿಂದ ಗುರುತಿತ್ತು. ಮಧ್ಯಾಹ್ನದವರೆಗೆ ಮರಗಳಿಗೆ ಸಂಖ್ಯೆ ಕೊಟ್ಟು, ಸುತ್ತಳತೆ ಹಿಡಿದು, ಫಾರಂ ತುಂಬಿಸಿದೆ.

ಹತ್ತಿ ಬಂದಾಗ ಅವಳು ಎದ್ದು ನಿಂತಳು. "ಬಂಡೆ ಮಗ್ಗುಲ್ದು ಬುಟ್ಟದಾ?"

ಅಲ್ಲಿ ಬಂಡೆಗಳು ಹಲವಾರಿದ್ದವು.

"ಜೋಡಿಮರ? ಕರಡಿ ಪೊಟ್ರೆ ತಾವದು? ನಮ್ಮ ತೌರಿನ ಇರೀಕ್ರು ಕಾದು ಮಡಗಿದ್ದ ಮರ, ಕಾಯಿ ಸಣ್ಣದು, ಒಗರು ಕಮ್ಮಿ, ಅದು?"

ನಾನು ಫಾರಂ ತೆಗೆದು ನೋಡಿದೆ. ಅದರಲ್ಲಿ ಸಂಖ್ಯೆಗಳಿದ್ದವು. ಎಲ್ಲ ಮರಗಳೂ ಚೆನ್ನಾಗಿ ಬಿಟ್ಟಿವೆ ಅಕ್ಕ ಎಂದೆ. ಅವಳು ತಲೆಯಾಡಿಸಿದಳು. ಇಳಿಜಾರಿನ ಕಡೆ ಒಂದು ಸಲ ನೋಡಿ, ಆಮೇಲೆ ನನ್ನ ಕೈಯನ್ನೂ ಭುಜದ ಚೀಲವನ್ನೂ ನೋಡಿದಳು.

"ಒಂದ್ಕಾಯಾರ ತರ್ನಿಲ್ವಾ ಅವ್ವ?"

ಅನುಮತಿ ಪತ್ರದಲ್ಲಿ ಕಾಡಿನಿಂದ ಏನನ್ನೂ ಹೊರತರಬಾರದು ಎಂದಿತ್ತು. ನಾನು ತಂದಿರಲಿಲ್ಲ.