ಫಿಟ್ಟರ್ ಶಾಂತಯ್ಯ ಮತ್ತು ಸ್ಪಿಟ್‌ಫೈರ್

ಮಧ್ಯಾಹ್ನದ ಭೋಂಗಾ ಕೂಗಿತೆಂದರೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಊಟಕ್ಕೆ ಅರ್ಧ ಗಂಟೆ. ಫಿಟ್ಟರ್ ಶಾಂತಯ್ಯ ಎಣ್ಣೆಗೈಯನ್ನು ಚಿಂದಿಗೆ ಒರೆಸಿಕೊಂಡು, ಸಾಮಾನಿನ ಪೆಟ್ಟಿಗೆಯ ಮುಚ್ಚಳ ತೆಗೆದು ಗೋಡೆಗೆ ಆನಿಸಿದ. ಮುಚ್ಚಳದ ಒಳಮೈಗೆ ಸಚಿತ್ರ ವಾರಪತ್ರಿಕೆಯ ಒಂದು ಹಾಳೆ ಅಂಟಿಸಿತ್ತು. ಅದರಲ್ಲಿ ಸ್ಪಿಟ್‌ಫೈರ್ ಎಂಬ ಯುದ್ಧವಿಮಾನ ಪಕ್ಕಕ್ಕೆ ವಾಲಿ ಹಾರುತ್ತಿತ್ತು. ಅದರ ರೆಕ್ಕೆ ತುದಿಗೆ ಹೋಗುತ್ತ ಹೋಗುತ್ತ ವೀಳ್ಯದೆಲೆಯಂತೆ ತೆಳುವಾಗಿತ್ತು. ಶಾಂತಯ್ಯ ಅದರ ಎದುರಿಗೆ ಕುಳಿತು ರೊಟ್ಟಿಯ ಗಂಟು ಬಿಚ್ಚಿದ.

ಅದು ೧೯೪೩. ಆ ವರ್ಷ ಊಟದ ಹೊತ್ತಿನ ಮಾತೆಲ್ಲ ವಿಮಾನದ್ದೇ. ಯಾರಿಗೆ ಯಾವುದನ್ನು ಹಾರಿಸುವ ಆಸೆ ಎಂಬುದೇ ದಿನದ ಚರ್ಚೆ.

"ನನಗ ಆ ಸಾಮಾನು ಹೊರೋ ಡಕೋಟಾ ಕೊಡ್ರಿ," ಎಂದ ಮಕಬೂಲಸಾಬ. ಅವನು ಮೂವತ್ತು ವರ್ಷ ಒಂದೇ ಬೆಂಚಿನಲ್ಲಿ ಕಳೆದ ಹಿರಿಯ ಫಿಟ್ಟರ್. ಶಾಂತಯ್ಯನಿಗೆ ಕಾನಸು ಹಿಡಿದು ಕಬ್ಬಿಣ ಉಜ್ಜುವುದನ್ನು ಕಲಿಸಿದವನು. "ಹೆಂಡ್ತಿ, ಆರು ಮಕ್ಕಳು, ಎರಡು ಆಡು, ಎಲ್ಲಾ ತುಂಬಿಕೊಂಡು ಅಜಮೇರಕ್ಕ ಹೋಗಿ ಬರ್ತೇನಿ."

"ನನಗ ಬಾಂಬಿನ ವಿಮಾನ ಆತು," ಎಂದ ಕುಲುಮೆಯ ಹುಚ್ಚಪ್ಪ. "ಒಂದ ಬಾಂಬ್ ಸಾಕು. ನಮ್ಮ ಮಾವನ ಮನಿ ಎಲ್ಲೈತಿ ಅಂತ ನನಗ ಗೊತ್ತೈತಿ."

"ಅಯ್ಯಾರನ್ನ ಕೇಳೋದ ಬ್ಯಾಡ. ಆ ಚಿತ್ರಕ್ಕ ಒಂದು ತುತ್ತು ಹಿಡಿದು ತಾವು ಒಂದು ತುತ್ತು ತಿಂತಾರ," ಎಂದ ಮಕಬೂಲಸಾಬ, ಶಾಂತಯ್ಯನ ಕಡೆ ಕೈ ತೋರಿಸಿ.

ಶಾಂತಯ್ಯ ನಕ್ಕು ರೊಟ್ಟಿ ಮುರಿದ. ಅವನು ಜಂಗಮರ ಮನೆಯವನು. ವಯಸ್ಸು ಇಪ್ಪತ್ತಾರಾದರೂ ಹಿರಿಯರೂ ಅವನನ್ನು ಅಯ್ಯಾರ ಎಂದೇ ಕರೆಯುತ್ತಿದ್ದರು.

ತಾನು ವಿಮಾನ ಹಾರಿಸುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಓದಿದ್ದು ಕನ್ನಡ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯವರೆಗೆ, ಇಂಗ್ಲಿಷ್ ಬಾರದು. ಆದರೆ ವಾಯುಪಡೆಯಲ್ಲಿ ಇಂಜಿನ್ ನೋಡಿಕೊಳ್ಳುವ ಫಿಟ್ಟರ್ ಕೂಡ ಬೆಳಗ್ಗೆ ಪೈಲಟ್ಟಿನ ಕುರ್ಚಿಯಲ್ಲಿ ಕುಳಿತು ಇಂಜಿನ್ ಚಾಲೂ ಮಾಡಿ ನೋಡುತ್ತಾನೆ ಎಂದು ಅವನು ಕೇಳಿ ತಿಳಿದಿದ್ದ. ವಿಮಾನ ನೆಲ ಬಿಡುವುದಿಲ್ಲ. ಆದರೂ ಆ ಕುರ್ಚಿ, ಮುಂದೆ ಆ ಉದ್ದನೆಯ ಮೂತಿ, ಕೈಯಲ್ಲಿ ಆ ಸದ್ದು. ಶಾಂತಯ್ಯನಿಗೆ ಅಷ್ಟು ಸಾಕಾಗಿತ್ತು.

ಅವನು ಹೋಗಿ ವಿಚಾರಿಸಿದಾಗ ವಾಯುಪಡೆಯ ಭರ್ತಿ ಕಚೇರಿಯವರು ಎರಡು ಕಾಗದ ಕೇಳಿದ್ದರು: ಮೊದಲ ದರ್ಜೆಯ ಫಿಟ್ಟರ್ ಎಂಬ ಸರ್ಟಿಫಿಕೇಟು, ವರ್ಕ್‌ಶಾಪಿನಿಂದ ಬಿಡುಗಡೆ ಪತ್ರ. ಮೊದಲ ದರ್ಜೆಯವರಿಗೆ ಬಿಡುಗಡೆ ಸಿಗುತ್ತಿತ್ತು. ಸಿಗದಿದ್ದದ್ದು ಗೇಜ್ ಕೋಣೆಯವರಿಗೆ ಮಾತ್ರ. ಮೊದಲು ರೈಲು ಇಂಜಿನ್ನಿನ ಭಾಗಗಳಿಗೆ, ಈಗ ತೋಪಿನ ಗುಂಡುಗಳಿಗೆ ಅಳತೆ ನೋಡುವ ಗೇಜುಗಳನ್ನು ಮಾಡುವ ಹಳೆಯ ಕೋಣೆ ಅದು. ಧೂಳು ಬರಬಾರದೆಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಯುದ್ಧ ಮುಗಿಯುವವರೆಗೆ ಅಲ್ಲಿಂದ ಯಾರನ್ನೂ ಬಿಡುವುದಿಲ್ಲವೆಂದು ಆಜ್ಞೆಯಾಗಿತ್ತು.

ದರ್ಜೆಯ ಪರೀಕ್ಷೆಯಲ್ಲಿ ಮಾಡಬೇಕಾದದ್ದು ಒಂದೇ. ಉಕ್ಕಿನ ತಗಡಿನಲ್ಲಿ ಚೌಕದ ತೂತು ಕೊರೆದು, ಅದಕ್ಕೆ ಸರಿಯಾಗಿ ಕೂರುವ ಚೌಕದ ತುಂಡನ್ನು ಕಾನಸಿನಿಂದ ಉಜ್ಜಿ ಮಾಡಬೇಕು. ನಾಲ್ಕು ದಿಕ್ಕಿಗೂ ತಿರುಗಿಸಿ ಕೂರಿಸಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಸಂದಿಯಲ್ಲಿ ಎಳೆಯಷ್ಟು ಬೆಳಕು ಕಂಡರೂ ಮೊದಲ ದರ್ಜೆ ಪಾಸು. ಏನೂ ಕಾಣದಿದ್ದರೆ ಗೇಜ್ ಕೋಣೆ. ಇದು ಯಾವ ಕಾಗದದಲ್ಲೂ ಇರಲಿಲ್ಲ, ಹಳಬರಿಗೆಲ್ಲ ಗೊತ್ತಿತ್ತು.

"ಬೆಳಕು ಬಿಡ್ರಿ ಅಯ್ಯಾರ," ಎಂದು ಮಕಬೂಲಸಾಬ ವಾರದಿಂದ ಹೇಳುತ್ತಿದ್ದ.

"ಎಷ್ಟು ಬಿಡ್ಲಿ ಚಾಚಾ?"

"ಸಿಗರೇಟ್ ಕಾಗದದಷ್ಟು. ನಾ ಹಂಗ ಬಿಟ್ಟು ಮೂವತ್ತು ವರ್ಷ ಈ ಬೆಂಚಿನ್ಯಾಗ ಅದೇನಿ. ಕಿಡಕಿ ತೆರದೈತಿ, ಬೀಡಿ ಸೇದಾಕ ಬರ್ತೈತಿ."

"ಪೂರಾ ಮುಚ್ಚಾಕ ನಿಮಗ ಬರತಿತ್ತೇನು?"

"ಬರತಿತ್ತು. ಅದಕ್ಕ ಬಿಟ್ಟೆ."

ಪರೀಕ್ಷೆಯ ದಿನ ಮೂರು ಗಂಟೆಯ ಹೊತ್ತಿಗೆ ಶಾಂತಯ್ಯನ ಕೆಲಸ ಮುಗಿದಿತ್ತು. ತುಂಡನ್ನು ತೂತಿಗೆ ಕೂರಿಸಿ ಮೇಲೆತ್ತಿದ. ಒಂದು ಮಗ್ಗುಲಲ್ಲಿ ಬೆಳಕಿನ ಸಣ್ಣ ಗೆರೆ. ಪಕ್ಕದ ಮೂಲೆಯೊಂದನ್ನು ಕೂದಲಿನಷ್ಟು ಎತ್ತರ ಉಳಿಸಿದ್ದ. ಅದು ತುಂಡನ್ನು ಪೂರಾ ಕೂರಗೊಡದೆ ಆ ಗೆರೆಯನ್ನು ಹಿಡಿದಿತ್ತು. ಆ ಮೂಲೆಗೆ ಕಾನಸಿನ ಎರಡು ಏಟು ಬಿದ್ದರೆ ಗೆರೆ ಮುಚ್ಚುತ್ತದೆ. ಅವನಿಗೆ ಅದು ಗೊತ್ತಿತ್ತು. ಒರೆಸಿ ಕೊಟ್ಟುಬಿಟ್ಟರೆ ಆಗಿತ್ತು.

ಪರೀಕ್ಷೆ ನೋಡುವ ಫೋರ್ಮನ್ ಇನ್ನೂ ಬೆಂಚಿನ ಆ ಕೊನೆಯಲ್ಲಿದ್ದ. ಶಾಂತಯ್ಯ ಕಾಯುತ್ತ ಇನ್ನೊಮ್ಮೆ ಗೆರೆಯನ್ನು ನೋಡಿದ. ಇಂಥ ಗೆರೆಯನ್ನು ಬೇಕೆಂದೇ ಬಿಟ್ಟ ಕೈಯನ್ನು ಆ ವಿಮಾನದ ಇಂಜಿನ್ನಿನ ಹತ್ತಿರ ಬಿಡಬಹುದೇ ಎಂಬ ಯೋಚನೆ ಬಂತು. ತಾನು ಆ ಕುರ್ಚಿಯಲ್ಲಿ ಕುಳಿತಿರುವಾಗ, ಮುಂದಿನ ಇಂಜಿನ್ನನ್ನು ಜೋಡಿಸಿದವನು ಹೀಗೆ ಮಾಡಿದ್ದರೆ? ಅವನು ಕಾನಸು ತೆಗೆದುಕೊಂಡ. ಒಂದು ಏಟು, ಮತ್ತೊಂದು ಏಟು. ತುಂಡು ತನ್ನ ಭಾರಕ್ಕೇ ಮೆಲ್ಲಗೆ ಇಳಿದು ಕುಳಿತಿತು. ನಾಲ್ಕು ದಿಕ್ಕಿಗೂ ತಿರುಗಿಸಿದ. ಎಲ್ಲೂ ಬೆಳಕಿಲ್ಲ.

ಆಗ ಅವನಿಗೆ ಗೇಜ್ ಕೋಣೆ ನೆನಪಾಯಿತು. ಇನ್ನೂ ಹೊತ್ತು ಮೀರಿರಲಿಲ್ಲ; ಒಂದು ಮಗ್ಗುಲನ್ನು ತುಸು ಉಜ್ಜಿ ಕೆಡಿಸಬಹುದಿತ್ತು. ಕಾನಸನ್ನು ತುಂಡಿನ ಮೇಲೆ ಇಟ್ಟ. ಕೈ ಮುಂದೆ ಹೋಗಲಿಲ್ಲ. ಅಷ್ಟರಲ್ಲಿ ಫೋರ್ಮನ್ ಬಂದು ತುಂಡನ್ನು ಕಿಟಕಿಗೆ ಹಿಡಿದ, ತಿರುಗಿಸಿದ, ಮತ್ತೆ ಹಿಡಿದ. ಇನ್ನೊಬ್ಬ ಸಾಹೇಬನನ್ನು ಕರೆದು ತೋರಿಸಿದ. ಇಬ್ಬರೂ ಶಾಂತಯ್ಯನ ಹೆಸರು ಕೇಳಿ ಬರೆದುಕೊಂಡರು.

ಮರುದಿನ ಗೋಡೆಯ ಮೇಲೆ ಪಟ್ಟಿ ಬಂತು. ಮೊದಲ ದರ್ಜೆಯಲ್ಲಿ ಅವನ ಹೆಸರಿತ್ತು. ಹೆಸರಿನ ಮುಂದೆ ಗೇಜ್ ಕೋಣೆ ಎಂದಿತ್ತು.

ಮಕಬೂಲಸಾಬ ಪಟ್ಟಿ ನೋಡಿ ಬಂದು ಬೀಡಿ ಹಚ್ಚಿದ. ಆಮೇಲೆ, "ಎಷ್ಟು ಸಲ ಹೇಳಿದ್ದೆ ಅಯ್ಯಾರ," ಎಂದ.

"ಎರಡ ಏಟು ಉಳಿದಿದ್ವು, ಚಾಚಾ."

"ಹೂಂ. ಆ ಎರಡ ಏಟು ನಿಮ್ಮನ್ನ ಒಳಗ ಹಾಕಿದ್ವು." ಬೀಡಿಯ ಬೂದಿ ಝಾಡಿಸಿ ಅವನು ಮತ್ತೆ ಹೇಳಿದ: "ನಿಮ್ಮ ತುಂಡನ್ನ ಫೋರ್ಮನ್ನನ ಟೇಬಲ್ ಮ್ಯಾಲ ಇಟ್ಟಾರ. ಹೋಗಿ ನೋಡಿ ಬಂದೆ. ಕೆಟ್ಟ ಛಲೋ ಮಾಡೀರಿ, ಕೂದಲೂ ತೂರಂಗಿಲ್ಲ."

ಅಂದೇ ಶಾಂತಯ್ಯ ಬರೆಯಬಲ್ಲವನೊಬ್ಬನಿಂದ ಇಂಗ್ಲಿಷಿನಲ್ಲಿ ಬರೆಸಿ ಬಿಡುಗಡೆಯ ಅರ್ಜಿ ಕೊಟ್ಟ. ನಾಲ್ಕನೆಯ ದಿನ ಅದು ಹಿಂದೆ ಬಂತು. ಕೊಡಲಾಗದು ಎಂಬ ಒಂದು ಸಾಲು ಕೆಂಪು ಶಾಯಿಯಲ್ಲಿತ್ತು. ಸೋಮವಾರದಿಂದ ಗೇಜ್ ಕೋಣೆಯಲ್ಲಿ ಅವನ ಪಾಳಿ ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಎಂದು ಅದೇ ಕಾಗದದ ಹಿಂದೆ ಬರೆದಿದ್ದರು.